ಹಸಿರು ಆನೆಕಿವಿ

ಹೆಕ್ಟರ್ ಟುಲಕ್‌ಗೆ ಕೆಂಪಿಗೂ ಹಸಿರಿಗೂ ಇರುವ ವ್ಯತ್ಯಾಸ ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಅದನ್ನು ಮುಚ್ಚಿಟ್ಟುಕೊಂಡೇ ಅವನು ಪೊಲೀಸ್ ಇಲಾಖೆಯಲ್ಲಿ ಪತ್ತೇದಾರಿ ಸಾರ್ಜೆಂಟ್ ಆದ, ಅದನ್ನು ಮುಚ್ಚಿಟ್ಟುಕೊಂಡೇ ನಿವೃತ್ತನಾದ. ಆಮೇಲೆ ನಮ್ಮೂರು ಡ್ರೈಬರ್ನಿಗೆ ಬಂದು ನನ್ನ ಪಕ್ಕದ ಮನೆ ಹಿಡಿದ. ಟೊಮೆಟೊ ಹಣ್ಣಾಗಿದೆಯೋ ಇಲ್ಲವೋ ಎಂದು ಬೇಲಿಯಾಚೆಯಿಂದ ನನ್ನನ್ನು ಕೇಳುತ್ತಿದ್ದ. ಒಮ್ಮೆ ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಕಾಲುಚೀಲ ಹಾಕಿಕೊಂಡು ಶವಸಂಸ್ಕಾರಕ್ಕೆ ಬಂದಿದ್ದ. ಅಂದಿನಿಂದ ಅವನು ಎಲ್ಲಿಗಾದರೂ ಹೊರಟರೆ ನಾನೊಮ್ಮೆ ಮೇಲಿನಿಂದ ಕೆಳಗೆ ನೋಡಿ ಕಳಿಸುವುದು ರೂಢಿಯಾಯಿತು.

ನಾನು ನೆಟ್ಟಿ ಬ್ಯಾಕ್ಸ್ಟರ್. ಈ ಬಯಲಿನ ಊರುಗಳಿಗೆಲ್ಲ ನರ್ಸ್ ಆಗಿದ್ದವಳು. ಸೆಪ್ಟೆಂಬರ್ ಕೊನೆಯ ಒಂದು ಬೆಳಗ್ಗೆ ನಾನು ಗೇಟಿಗೆ ಹೋಗದೆ ಬೇಲಿ ಹಾರಿಯೇ ಅವನ ಅಡುಗೆಮನೆಗೆ ನುಗ್ಗಿದೆ. ಅವನು ಓಟ್ಸ್ ಗಂಜಿ ಕಲಕುತ್ತಿದ್ದ.

"ವಾಟಿ ನಾಯಿ ಕೊಟ್ಬಿಟ್ಟ," ಎಂದೆ.

ಹೆಕ್ಟರ್ ಸೌಟು ಕೆಳಗಿಟ್ಟ. ವಾಟಿ ನನ್ನ ತಮ್ಮ, ಕುರಿ ಕಾಯುವವನು. ಕುರಿ ಕಾಯುವವನು ಹೆಂಡತಿಯನ್ನು ಬಿಟ್ಟಾನು, ನಾಯಿಯನ್ನು ಬಿಡನು. ತನಗೆ ಜೀವವಾಗಿರುವುದನ್ನು ಸುಮ್ಮನೆ ಹಂಚತೊಡಗಿದ ಮನುಷ್ಯ ಎಲ್ಲಿಗೆ ಹೊರಟಿರುತ್ತಾನೆ ಎಂಬುದು ನರ್ಸ್ ಕೆಲಸ ಮಾಡಿದವರಿಗೆ ಗೊತ್ತು.

"ಯಾರಿಗೆ ಕೊಟ್ಟ?"

"ಎಫಿ ಪ್ರಿಂಗಲ್‌ಗೆ. ಚೆನ್ನಾಗ್ ನೋಡ್ಕೋ ಅಂದನಂತೆ. ಅವನ ಬಂದೂಕು ನನ್ನ ಮಂಚದ ಕೆಳಗಿದೆ."

"ಒಳ್ಳೇ ಕೆಲಸ ಮಾಡಿದೀಯ. ಕೂತ್ಕೋ. ಮೊದಲಿಂದ ಹೇಳು. ನಂಗೆ ಗೊತ್ತಿರೋದನ್ನೂ ಬಿಡದೆ ಹೇಳು."

ಕೂತು ಹೇಳಿದೆ.

ಮೊರಾಗ್ ಲಾಮಂಟ್ ಮತ್ತು ಅವಳ ತಮ್ಮ ರೆನ್ನಿ ಇಬ್ಬರೂ ಮದುವೆಯಾಗಲಿಲ್ಲ. ಅಪ್ಪ ಬಿಟ್ಟುಹೋದ ಕುರಿಫಾರ್ಮು ಇಬ್ಬರ ಹೆಸರಲ್ಲೂ ಇತ್ತು. ಮೊರಾಗ್ ದೊಡ್ಡ ಮನೆಯಲ್ಲಿದ್ದಳು. ಅಂಗಳದಾಚೆ ಗಾಜಿನ ಜಗಲಿಯಿದ್ದ ಚಿಕ್ಕ ಮನೆಯಲ್ಲಿ ರೆನ್ನಿ ಇದ್ದ. ಮೊರಾಗಳ ಆಸ್ತಿಯೆಂದರೆ ಕಣಿವೆಯ ಬಾಯಲ್ಲಿ ಅವಳು ಮಾಡಿದ್ದ ಉದ್ದನೆಯ ಹೂಪಾತಿ. ಭೂಮಿಯ ದಕ್ಷಿಣ ತುದಿಯ ನಮ್ಮ ನಾಡಿನಲ್ಲಿ ಚಳಿಗಾಲ ಮೇ ತಿಂಗಳಿಂದ ಆಗಸ್ಟ್‌ವರೆಗೆ, ಅದು ನಲ್ಲಿಯನ್ನೇ ಸೀಳುತ್ತದೆ. ಇಲ್ಲಿ ಬದುಕುವುದು ಮೇ ತಿಂಗಳಲ್ಲಿ ಸತ್ತಂತೆ ನೆಲ ಸೇರಿ, ವಸಂತ ಬಂದಾಗ ಅದೇ ಬೇರಿನಿಂದ ಮತ್ತೆ ಏಳುವ ಗಿಡಗಳೇ ಹೆಚ್ಚು. ಅಂಥವನ್ನೇ ಆರಿಸಿ, ನೀಲಿಯ ಪಕ್ಕ ಬೂದುಬಣ್ಣದ ಎಲೆ, ಒರಟು ಎಲೆಯ ಪಕ್ಕ ನವಿರು ಎಲೆ ಎಂದು ಜೋಡಿಸಿ ನೆಡುತ್ತಿದ್ದಳು. "ಹೂವು ಎರಡು ವಾರದ ನೆಂಟ ಕಣ್ರೇ, ಎಲೆ ಮನೆಯವಳು. ಮನೆಯವಳ ಮುಖ ನೋಡಿ ಸಂಸಾರ ಕಟ್ಟಿ," ಎಂದು ತೋಟಗಾರಿಕೆ ಕ್ಲಬ್ಬಿನಲ್ಲಿ ನಮ್ಮನ್ನು ಬಯ್ಯುತ್ತಿದ್ದಳು. ಗಡ್ಡೆ ಒಡೆದು ಊರಿಗೆಲ್ಲ ಹಂಚುತ್ತಿದ್ದಳು. ಕೊಟ್ಟ ಗಿಡಕ್ಕೆ ಥ್ಯಾಂಕ್ಸ್ ಹೇಳಿದರೆ ಅದು ಹತ್ತುವುದಿಲ್ಲ ಎಂಬ ನಂಬಿಕೆ ನಮ್ಮದು. ಆದ್ದರಿಂದ ನಾವೆಲ್ಲ ಮುಖ ಗಂಟಿಕ್ಕಿಕೊಂಡೇ ಈಸಿಕೊಂಡು ಬರುತ್ತಿದ್ದೆವು.

ಪಾತಿಯಲ್ಲಿ ಎರಡು ಗಿಡಗಳಿದ್ದವು. ಒಂದು ಖಾರಮೂಲಂಗಿ. ಅದರ ಎಲೆಯ ಮೇಲೆ ಕೆನೆ ಚೆಲ್ಲಿದಂಥ ಬಿಳಿ ಮಚ್ಚೆ. ಬೇರನ್ನು ತುರಿದರೆ ಕಣ್ಣಲ್ಲಿ ಮೂಗಲ್ಲಿ ನೀರು. ಹುರಿದ ಮಾಂಸದ ಜೊತೆ ಅಷ್ಟೇ ರುಚಿ. ಇನ್ನೊಂದು ಮುನಿಟೊಪ್ಪಿಗೆ. ಸನ್ಯಾಸಿಯ ಮುಸುಕಿನಂಥ ಕಡುನೀಲಿ ಹೂವು, ಬೇರಿನಲ್ಲಿ ವಿಷ. ನಿಮ್ಮ ಕಡೆಯ ವತ್ಸನಾಭಿಯ ದಾಯಾದಿ. ಮೊರಾಗ್ ಅಡುಗೆಯದನ್ನೂ ಮಸಣದ್ದನ್ನೂ ದೂರದೂರ ಇಟ್ಟಿದ್ದಳು. ಮುನಿಟೊಪ್ಪಿಗೆ ಗೇಟಿನ ಬಳಿ, ಖಾರಮೂಲಂಗಿ ನಡುವೆ ಮತ್ತು ಬೇಲಿಯ ನೆರಳಿನ ಕೊನೆಯಲ್ಲಿ.

ಆದರೆ ಚಳಿಗಾಲದಲ್ಲಿ ಎರಡೂ ನೆಲದಡಿ. ಎಲ್ಲಿ ಯಾವುದು ಮಲಗಿದೆ ಎಂದು ತಿಳಿಯಲು ಅವಳದೇ ಒಂದು ಉಪಾಯವಿತ್ತು. ಪಾತಿಯ ಅಂಚಿಗೆ ಸಾಲಾಗಿ ಆನೆಕಿವಿ ನೆಟ್ಟಿದ್ದಳು. ಹಿಮದಲ್ಲೂ ಎಲೆ ಉದುರಿಸದ ಗಿಡವೆಂದರೆ ಅದೊಂದೇ. ಅದರಲ್ಲಿ ಎರಡು ಜಾತಿ. ಒಂದು ಚಳಿ ಬಿದ್ದೊಡನೆ ಬೀಟ್‌ರೂಟಿನಂತೆ ಕೆಂಪಾಗುತ್ತದೆ. ಇನ್ನೊಂದು ಏನೇ ಆದರೂ ಹಸಿರೇ. ಖಾರಮೂಲಂಗಿ ಇರುವೆಡೆಯಲ್ಲೆಲ್ಲ ಮುಂದೆ ಹಸಿರು ಆನೆಕಿವಿ, ಉಳಿದೆಡೆ ಕೆಂಪು. ಹಸಿರಿನ ಹಿಂದೆ ಅಗೆದರೆ ಊಟ. ಇಷ್ಟು ಊರಿಗೆಲ್ಲ ಗೊತ್ತಿತ್ತು, ಅವು ಎರಡು ಜಾತಿ ಎಂಬುದು ಗಿಡ ಬಲ್ಲವರಿಗೆ ಮಾತ್ರ.

ಆ ಕಣಿವೆಗೆ ಅಡ್ಡ ಅಣೆಕಟ್ಟು ಕಟ್ಟಿ ಬಯಲಿಗೆ ನೀರು ಬಿಡಬೇಕೆಂದು ಊರಿನ ರೈತರೆಲ್ಲ ಆಸೆಪಟ್ಟಿದ್ದರು. ರೆನ್ನಿ ಅವರ ಮುಂದಾಳು. ಮೊರಾಗ್ ರುಜು ಹಾಕಲಿಲ್ಲ. ಹಾಕಿದರೆ ಪಾತಿ ನೀರಿನಡಿ ಹೋಗುತ್ತಿತ್ತು. ಎಫಿ ಪ್ರಿಂಗಲ್ ಸಹ ಗಿಡ ಬೆಳೆಸಿ ಮಾರುವ ತನ್ನ ನರ್ಸರಿಗೆ ನೀರು ಬೇಕೆಂದು ಅವಳ ಜೊತೆ ಮಾತು ಬಿಟ್ಟಿದ್ದಳು. ಗಿಡ ಹಂಚಿಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮೇ ತಿಂಗಳಲ್ಲಿ ಮೊರಾಗ್ ಸೊಂಟದ ಆಪರೇಷನ್ನಿಗೆ ಡನೀಡನ್ ನಗರದ ಆಸ್ಪತ್ರೆಗೆ ಹೋದಳು. ಹಿಮ ಬಿದ್ದ ಮೇಲೆ ಬಂದು, ಬೇಲಿಯ ಕಡೆಯ ಕೋಣೆಯಲ್ಲಿ ಮಲಗಿದಳು. ಜುಲೈನಲ್ಲಿ ನಾನು ಅವಳಿಗೆ ಸೂಪು ಒಯ್ಯುವಾಗ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟದ ಗಂಡಸರು ರೆನ್ನಿಯ ಜಗಲಿಯಲ್ಲಿ ಒಲೆ ಉರಿಸಿಕೊಂಡು ಕೂತಿದ್ದರು. ಉಗಿ ಹಿಡಿದ ಗಾಜಿನ ಹಿಂದೆ ಒಂದು ಬಕೆಟ್ಟಿನಲ್ಲಿ ದೊಡ್ಡ ಹಸಿರು ಎಲೆಗಳು ಕಂಡವು. ರೆನ್ನಿ ಗಿಡ ಸಾಕುತ್ತಿದ್ದಾನೆ, ಇನ್ನು ಮದುವೆಯೂ ಆದಾನು ಎಂದು ಅವರು ಗೇಲಿ ಮಾಡುತ್ತಿದ್ದರು. ರೂಬಾರ್ಬ್ ಕಣ್ರೋ, ಹುಳಿದಂಟಿನ ಗಿಡ, ಕಡುಬು ಮಾಡ್ತೀನಿ ಎಂದು ರೆನ್ನಿಯೂ ನಕ್ಕ.

ಆಗಸ್ಟ್ ಕೊನೆಯ ಭಾನುವಾರ, ಪ್ರತಿವರ್ಷದಂತೆ, ಮೊರಾಗಳಿಗೆ ಹುರಿದ ದನದ ಮಾಂಸದ ಜೊತೆ ಖಾರಮೂಲಂಗಿ ಬೇಕೆನ್ನಿಸಿತು. ವರ್ಷದ ಮೊದಲ ಖಾರಮೂಲಂಗಿ ಆ ಮನೆಯಲ್ಲಿ ಹಬ್ಬದಂತೆ. ಅವಳು ಬಾಗುವಂತಿರಲಿಲ್ಲ. ರೆನ್ನಿ ಬೆಳಗ್ಗೆಯೇ ಕುರಿ ನೋಡಲು ಗುಡ್ಡಕ್ಕೆ ಹೋಗಿದ್ದ. ಹಾಗಾಗಿ ವಾಟಿಯನ್ನು ಕರೆಸಿ, ಹಸಿರು ಆನೆಕಿವಿಯ ಹಿಂದೆ ಅಗಿ ಎಂದು ಕಿಟಕಿಯಿಂದಲೇ ಹೇಳಿದಳು. ಬೇಲಿಯ ನೆರಳಲ್ಲೂ ನಡುವೆಯೂ ನೆಲ ಇನ್ನೂ ಕಲ್ಲಾಗಿತ್ತು, ಗುದ್ದಲಿ ಇಳಿಯಲಿಲ್ಲ. ಗೇಟಿನ ಕಡೆ ಬಿಸಿಲು ಬಿದ್ದು ಕರಗಿತ್ತು. ಅಲ್ಲೊಂದು ಹಸಿರು ಆನೆಕಿವಿ ಇತ್ತು ಎಂದ ವಾಟಿ. ಅದರ ಹಿಂದೆ ಅಗೆದು, ಮಣ್ಣು ಮೆತ್ತಿದ ಬೇರುಗಳನ್ನು ಹಿತ್ತಲ ಮೆಟ್ಟಿಲ ಮೇಲಿಟ್ಟು ಹೋದ. ಅವನು ಕುರಿಯ ಹಲ್ಲು ನೋಡಿ ವಯಸ್ಸು ಹೇಳುತ್ತಾನೆ, ಬೇರು ನೋಡಿ ಹೆಸರು ಹೇಳಲಾರ.

ಮಧ್ಯಾಹ್ನ ರೆನ್ನಿ ಬಂದು ತೊಳೆದು ತುರಿದು, ಸಾಸಿವೆ ಕೆನೆ ಬೆರೆಸಿ ಕೊಟ್ಟ. ಅವನಿಗೆ ಅದು ಹೊಟ್ಟೆಗಾಗದು, ತಿನ್ನಲಿಲ್ಲ. ನನಗೆ ಫೋನು ಬಂದು ನಾನು ಓಡಿದಾಗ ಮೊರಾಗ್ ಕುರ್ಚಿಯಲ್ಲೇ ಇದ್ದಳು. ಬಾಯಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ತುಟಿ ನಂದಲ್ಲ ಅನ್ನಿಸ್ತಿದೆ ನೆಟ್ಟಿ. ಕೈನೂ ನಂದಲ್ಲ," ಎಂದಳು. ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಬುದ್ಧಿ ಮಾತ್ರ ಕೊನೆಯವರೆಗೂ ಸ್ವಚ್ಛವಾಗಿತ್ತು. ಅದೇ ನನ್ನನ್ನು ಇಂದಿಗೂ ಹೆದರಿಸುತ್ತದೆ. ಆಂಬುಲೆನ್ಸ್ ಗುಡ್ಡ ದಾಟುವ ಮೊದಲೇ ಹೋದಳು.

ಎಲ್ಲರೂ ಹೃದಯಾಘಾತ ಎಂದುಕೊಂಡರು. ಶವಸಂಸ್ಕಾರದ ಚಹಾ ಕುಡಿಯುತ್ತ ರೆನ್ನಿ ಹೇಳಿದ ಮಾತು ಊರಿಗೆಲ್ಲ ಹರಡಿತು. "ಸಿಂಕ್ ಹತ್ರ ನಿಂತು ತುರೀತಿದ್ದೆ, ಕಣ್ಣಲ್ಲಿ ಧಾರಾಕಾರ ನೀರು. ಅವಳು ನೋಡಿ ನಕ್ಕಳು. ಅದೇ ಕಡೇ ನಗು," ಎಂದಿದ್ದ. ಕೇಳಿದ ಹೆಂಗಸರೆಲ್ಲ ಅತ್ತರು. ನಾನೂ ಅತ್ತೆ.

ವಾರಗಳ ಮೇಲೆ ಡನೀಡನ್‌ನಿಂದ ಪರೀಕ್ಷೆಯ ಫಲ ಬಂತು: ಮುನಿಟೊಪ್ಪಿಗೆಯ ವಿಷ. ಕಾನ್‌ಸ್ಟೇಬಲ್ ಫೀನಿ ಬಂದು ಪಾತಿ ನೋಡಿದ. ವಾಟಿ ಅಗೆದ ಗುಂಡಿಯಲ್ಲಿ ಮುನಿಟೊಪ್ಪಿಗೆಯ ಗಡ್ಡೆಗಳೇ ಇದ್ದವು. ಅದರ ಮುಂದಿನ ಆನೆಕಿವಿ ಕೆಂಪಗಿತ್ತು. ಆ ಕಡೆಯ ಸಾಲೆಲ್ಲ ಕೆಂಪೇ. ಭಾನುವಾರ ಬೆಳಗ್ಗೆ ವಾಟಿ ಕುಡಿದಿದ್ದನೇ ಎಂದು ಫೀನಿ ಕೇಳಿದ. ಕುಡಿದಿದ್ದ. ವಾಟಿ ಯಾವಾಗಲೂ ಸ್ವಲ್ಪ ಕುಡಿದಿರುತ್ತಾನೆ. ಶುಕ್ರವಾರ ವಿಚಾರಣೆ, ನಿರ್ಲಕ್ಷ್ಯದಿಂದಾದ ಸಾವು ಎಂದು ಕೇಸು ಹಾಕುತ್ತಾರಂತೆ.

"ಹಸಿರು ಅಂತ ಈಗ್ಲೂ ಹೇಳ್ತಾನಾ?" ಎಂದ ಹೆಕ್ಟರ್.

"ಮೊದಲು ಆಣೆ ಹಾಕ್ತಿದ್ದ. ಈಗ, ಕೆಂಪೇ ಇದ್ದಿರ್ಬೇಕು ಅಕ್ಕ, ನಾನೇ ಕೊಂದೆ ಅಂತಾನೆ. ಅವನ ಕಣ್ಣನ್ನೇ ಅವನು ನಂಬ್ತಾ ಇಲ್ಲ."

ಹೆಕ್ಟರ್ ಕೋಟು ಎತ್ತಿಕೊಂಡ. "ನಾನೂ ನನ್ನ ಕಣ್ಣು ನಂಬಲ್ಲ. ಬಾ, ನಿನ್ನ ಕಣ್ಣು ತಗೊಂಡ್ ಬಾ," ಎಂದ.

ಲಾಮಂಟರ ಮನೆಗೆ ಊರಿನ ನಡುವೆಯೇ ಹೋಗಬೇಕು. ಯಾವ ಅಂಗಳದಲ್ಲೂ ಮಾತಿರಲಿಲ್ಲ. ಮೊರಾಗ್ ಕೈಯಾರೆ ಹಂಚಿದ ಮುನಿಟೊಪ್ಪಿಗೆ ಪ್ರತಿ ಮನೆಯಲ್ಲೂ ಇತ್ತು, ಆ ವಾರವೇ ಅದು ಮೇಲೇಳುತ್ತಿತ್ತು. ಉಳಿದ ಗಿಡಗಳಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಅದು ಮಾತ್ರ ಸೀಳುಸೀಳಾದ ಪುಟ್ಟ ಹಸ್ತಗಳನ್ನು ಮಣ್ಣಿನಿಂದ ಹೊರಗೆ ಚಾಚಿತ್ತು. ಜನ ಅಡುಗೆಮನೆಯ ಜಾಡಿಗಳನ್ನೆಲ್ಲ ಹೊರಗೆ ಸುರಿದಿದ್ದರು. ಕ್ಲಬ್ಬಿನ ಸಭೆಗೆ ಎಲ್ಲರೂ ಒಂದೊಂದು ತಟ್ಟೆ ತಿಂಡಿ ತರುವುದು ವಾಡಿಕೆ. ಆ ತಿಂಗಳು ಎಲ್ಲರೂ ತಂದರು, ಯಾರೂ ಮುಟ್ಟಲಿಲ್ಲ, ತಂದದ್ದನ್ನು ಹಾಗೇ ಒಯ್ದರು. ಯಾಕೆಂದರೆ, ವಾಟಿ ತಪ್ಪು ಮಾಡಿಲ್ಲವೆಂದಾದರೆ ಬೇರೆ ಯಾರೋ ಬೇಕೆಂದೇ ಮಾಡಿದ್ದಾರೆ. ಅಣೆಕಟ್ಟು ಬೇಡವಾಗಿದ್ದವಳು ಊರಿಗೆಲ್ಲ ಮೊರಾಗ್ ಒಬ್ಬಳೇ. ಹಾಗಾಗಿ ಯಾರು ಬೇಕಾದರೂ ಆಗಿರಬಹುದು. ತಪ್ಪು ವಾಟಿಯದೇ ಆಗಲಿ ಎಂದು ಊರೆಲ್ಲ ಒಳಗೊಳಗೇ ಬೇಡಿಕೊಳ್ಳುತ್ತಿತ್ತು. ಅದನ್ನು ನಾನು ಅವರ ಮುಖದಲ್ಲೇ ಓದಿದೆ.

ಪಾತಿಯ ಗೇಟಿನ ತುದಿಯಲ್ಲಿ ಹೆಕ್ಟರ್ ಮಂಡಿಯೂರಿದ. ಆನೆಕಿವಿಯ ಎಲೆಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದ, ಕುರುಡ ಮುಖ ಸವರುವಂತೆ. ಆಮೇಲೆ ಪಾತಿಯ ನಡುವಿಗೆ ಹೋಗಿ ಅಲ್ಲಿಯದನ್ನೂ ಸವರಿದ.

"ಇದು ಯಾವ ಬಣ್ಣ?" ಎಂದು ಅಲ್ಲಿಂದ ಕೇಳಿದ.

"ಹಸಿರು."

"ಇದರ ಎಲೆ ತಟ್ಟೆ ಥರ ದುಂಡಗಿದೆ. ಗೇಟ್ ಹತ್ರದವು ಸೌಟಿನ ಥರ, ಉದ್ದ. ಹಸಿರು ಅಂದ್ರೆ ತಟ್ಟೆ, ಕೆಂಪು ಅಂದ್ರೆ ಸೌಟು. ಸರೀನಾ?"

ಇಷ್ಟು ವರ್ಷದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಬಣ್ಣ ಕಂಡ ಮೇಲೆ ಆಕಾರ ಯಾರು ನೋಡುತ್ತಾರೆ? ಸರಿ ಎಂದೆ.

ಅವನು ವಾಟಿಯ ಗುಂಡಿಯ ಬಳಿಗೆ ವಾಪಸು ಬಂದ. "ಈಗ ಈ ಸಾಲಿನದು ಒಂದೊಂದೂ ಹೇಳು. ಬರೀ ಕೆಂಪು ಅನ್ಬೇಡ. ಎಂಥ ಕೆಂಪು?"

ಹೇಳುತ್ತ ಹೋದೆ. ಕಡುಕೆಂಪು, ಕಡುಕೆಂಪು, ಹಾಗೇ. ಗುಂಡಿಯ ಮುಂದಿನದಕ್ಕೆ ಬಂದಾಗ ನಿಂತೆ. ಅದರ ಅಂಚು ಕೆಂಪಗಿತ್ತು. ಎಲೆಯ ನಡುವೆ, ನರದ ಗುಂಟ, ಹಸಿರು ಇನ್ನೂ ಉಳಿದಿತ್ತು. ಹೊಸ ಬಟ್ಟೆಯಿಂದ ಬಣ್ಣ ಬಿಡುವಂತೆ ಕೆಂಪು ಅಂಚಿನಿಂದ ಒಳಕ್ಕೆ ಹರಿಯುತ್ತಿತ್ತು.

ಹೆಕ್ಟರ್ ಹೋಗಿ ಗುದ್ದಲಿ ತಂದ. ಜುಲೈನಲ್ಲಿ ರೆನ್ನಿಯ ಗಾಜಿನ ಹಿಂದೆ ನಾನು ಕಂಡ ಎಲೆಗಳ ಆಕಾರ ಹೇಗಿತ್ತೆಂದು ಕೇಳಿದ. ದೊಡ್ಡ ಎಲೆ ಎಂದಷ್ಟೇ ನೆನಪಿತ್ತು. ಎಫಿಯ ನರ್ಸರಿಯಲ್ಲಿ ಚಳಿಗಾಲಕ್ಕೆ ಬಿಸಿ ಮಾಡುವ ಗಾಜಿನ ಮನೆ ಇದೆಯೇ ಎಂದೂ ಕೇಳಿದ. ಇತ್ತು. ಅವನು ಆ ಗಿಡವನ್ನು ಗುದ್ದಲಿಯಿಂದ ಹಗುರಾಗಿ ಎಬ್ಬಿಸಿ, ಮಣ್ಣು ಉದುರದಂತೆ ಗೋಣಿಯಲ್ಲಿ ಸುತ್ತಿದ. ತಲೆಯೆತ್ತಿದಾಗ ರೆನ್ನಿಯ ಜಗಲಿಯ ಗಾಜಿನ ಹಿಂದೆ ಯಾರೋ ನಿಂತಿದ್ದರು. ಕೈಯೆತ್ತಲಿಲ್ಲ, ಬಾಗಿಲು ತೆರೆಯಲಿಲ್ಲ, ನಿಂತೇ ಇದ್ದರು.

ಗುರುವಾರ ಮಧ್ಯಾಹ್ನ ಮೊರಾಗಳ ಅಡುಗೆಮನೆಯಲ್ಲಿ ಎಲ್ಲರೂ ಸೇರಿದೆವು. ಫೀನಿ, ಎಫಿ, ರೆನ್ನಿ, ವಾಟಿ, ನಾನು. ವಾಟಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ತನ್ನ ಬೂಟು ನೋಡುತ್ತಿದ್ದ. ಎಫಿ ಚಹಾ ಮಾಡಿದಳು. ಯಾರೂ ಕುಡಿಯಲಿಲ್ಲ.

"ಕುಡೀರಪ್ಪ, ನಾನೇನ್ ವಿಷ ಹಾಕಿಲ್ಲ," ಎಂದಳು. ಎಂದವಳೇ ತಾನೇ ಬೆಳ್ಳಗಾದಳು.

ಹೆಕ್ಟರ್ ಮೇಜಿನ ಮೇಲೆ ಒಂದು ತುರಿಮಣೆ, ಒಂದು ಬಿಳಿ ಬೇರು ಇಟ್ಟ. ಬೆಳಗ್ಗೆ ನಾನೇ ಪಾತಿಯ ನಡುವಿನಿಂದ ಅಗೆದು ತಂದದ್ದು, ತಟ್ಟೆಯೆಲೆಯ ಹಸಿರು ಆನೆಕಿವಿಯ ಹಿಂದಿನಿಂದ. ತುರಿಯುವಂತೆ ಎಫಿಗೆ ಹೇಳಿದ. ಅವಳು ಅನುಮಾನಿಸುತ್ತ ತುರಿದಳು. ಮೊದಲು ಅವಳ ಕಣ್ಣಲ್ಲಿ ನೀರು ಬಂತು, ಆಮೇಲೆ ಫೀನಿಗೆ, ಆಮೇಲೆ ನಮ್ಮೆಲ್ಲರಿಗೂ. ಕಿಟಕಿ ತೆಗೆಯಬೇಕಾಯಿತು.

"ಇದು ಖಾರಮೂಲಂಗಿ," ಎಂದ ಹೆಕ್ಟರ್ ಮೂಗು ಒರೆಸಿಕೊಳ್ಳುತ್ತ. "ಆದ್ರೆ ಆ ಭಾನುವಾರ ಈ ಮನೇಲಿ ತುರಿದದ್ದು ಖಾರಮೂಲಂಗಿ ಅಲ್ಲ. ಆ ಬೇರು ಯಾರ ಕಣ್ಣಲ್ಲೂ ನೀರು ತರಿಸಲ್ಲ. ರೆನ್ನಿ, ನಿನಗ್ಯಾಕೆ ಬಂತು?"

ರೆನ್ನಿ ತುರಿಮಣೆಯನ್ನು ದೂರ ತಳ್ಳಿದ. ಹಾಗೆ ಅನ್ನಿಸಿರಬೇಕು, ಪ್ರತಿವರ್ಷ ಬರುತ್ತಿತ್ತಲ್ಲ ಎಂದ. ಅಕ್ಕ ಸತ್ತ ದುಃಖದಲ್ಲಿ ನೆನಪು ಕಲಸಿಹೋಗಿದೆ ಎಂದ. ಫೀನಿ ತಲೆಯಾಡಿಸಿದ. ಅದು ಒಪ್ಪುವಂಥ ಮಾತೇ ಆಗಿತ್ತು.

"ಇರ್ಬಹುದು," ಎಂದ ಹೆಕ್ಟರ್. ಗೋಣಿ ಬಿಚ್ಚಿ ಆನೆಕಿವಿಯನ್ನು ಮೇಜಿನ ಮೇಲಿಟ್ಟ.

ಅಲ್ಲಿಂದ ಒಂದೊಂದೇ ಹೆಜ್ಜೆ ವಿವರಿಸಿದ. ವಾಟಿ ಹಸಿರು ಕಂಡೆ ಎಂದ, ಫೀನಿ ಕೆಂಪು ಕಂಡ. ಇಬ್ಬರಲ್ಲಿ ಒಬ್ಬ ಸುಳ್ಳ ಎಂದು ಕಣ್ಣಿರುವವರೆಲ್ಲ ತೀರ್ಮಾನಿಸಿದರು. ಬಣ್ಣ ಕಾಣದ ತನಗೆ ಆ ತೀರ್ಮಾನ ಬರಲಿಲ್ಲ, ಯಾಕೆಂದರೆ ಬಣ್ಣವೆನ್ನುವುದು ತನಗೆ ಯಾವತ್ತೂ ಬೇರೆಯವರು ಹೇಳುವ ಸುದ್ದಿ, ಸುದ್ದಿ ಬದಲಾಗುತ್ತದೆ. ಈ ಗಿಡದ ಎಲೆ ಸೌಟಿನದು. ಅಂದರೆ ಚಳಿಗೆ ಕೆಂಪಾಗುವ ಜಾತಿ. ಚಳಿಗಾಲವೆಲ್ಲ ಈ ಪಾತಿಯಲ್ಲೇ ಇದ್ದಿದ್ದರೆ ಇದು ಅಕ್ಕಪಕ್ಕದವುಗಳಷ್ಟೇ ಕಡುಕೆಂಪಾಗಿರಬೇಕಿತ್ತು. ಇದು ಈಗಷ್ಟೇ ಕೆಂಪಾಗುತ್ತಿದೆ. ಹಾಗಾದರೆ ಚಳಿಗಾಲವನ್ನು ಬೆಚ್ಚಗೆ ಎಲ್ಲೋ ಕಳೆದಿದೆ. ಆಗಸ್ಟ್ ಕೊನೆಗೆ ತಂದು ನೆಟ್ಟಾಗ ಹಸಿರಾಗಿತ್ತು, ಸೆಪ್ಟೆಂಬರಿನ ಹಿಮ ಹೊಡೆದು ಬಣ್ಣ ತಿರುಗಿತು.

"ವಾಟಿ ಕಂಡದ್ದೂ ನಿಜ, ಫೀನಿ ಕಂಡದ್ದೂ ನಿಜ," ಎಂದ.

ಬಾಗಿಲ ಬಳಿ ವಾಟಿ ತಲೆಯೆತ್ತಿದ.

"ಬೆಚ್ಚನೆ ಗಾಜಿನ ಮನೆ ಇರೋದು ನಂಗೆ," ಎಂದಳು ಎಫಿ. ಧ್ವನಿ ಒಡೆದಿತ್ತು. "ಊರೆಲ್ಲ ಅದನ್ನೇ ಅಂದ್ಕೊಳ್ತಿದೆ ಈಗ. ಅಂದ್ಕೊಳ್ಳಿ."

"ನೀನು ಮಾಡಿದ್ರೆ ಇಂಥ ತಪ್ಪು ಮಾಡ್ತಿರ್ಲಿಲ್ಲ ಎಫಿ. ಯಾವಾಗ್ಲೂ ಹಸಿರಾಗಿರೋ ಜಾತಿ ನಿನ್ನ ನರ್ಸರಿಲೇ ಸಾಲುಸಾಲಾಗಿದೆ. ಅದನ್ನೇ ತಂದು ನೆಡ್ತಿದ್ದೆ. ಎರಡು ಜಾತಿ ಇದೆ ಅನ್ನೋದೇ ಗೊತ್ತಿಲ್ಲದವನು ಇದನ್ನ ಮಾಡಿರೋದು. ಹಿಮ ಬೀಳ್ದಿದ್ರೆ ಹಸಿರು, ಬಿದ್ರೆ ಕೆಂಪು, ಅಷ್ಟೇ ಅಂತ ತಿಳ್ಕೊಂಡವನು. ತೋಟದ ಪಕ್ಕ ಜೀವಮಾನವೆಲ್ಲ ಬದುಕಿ, ಒಮ್ಮೆನೂ ಎಲೆ ನೋಡದವನು."

ಆಮೇಲೆ ಗಿಡವನ್ನು ಮಗುಚಿದ. ಬೇರು ಪಾತಿಯ ಮಣ್ಣಿಗೆ ಇನ್ನೂ ಹರಡಿರಲಿಲ್ಲ. ಒತ್ತಿ ಹೆಣೆದುಕೊಂಡು, ಅಚ್ಚಿನಲ್ಲಿ ಸುರಿದು ತೆಗೆದ ಕಡುಬಿನಂತೆ ದುಂಡಗಿತ್ತು. ತಳದಲ್ಲಿ ಒಂದು ಬಳೆಯ ಗುರುತು, ಬಳೆಯ ನಡುವೆ ಉಬ್ಬಿದ ನಕ್ಷತ್ರ. ಹೆಕ್ಟರ್ ಹೇಳಿದ ಮೇಲೆ ಫೀನಿ ಅಂದು ಬೆಳಗ್ಗೆಯೇ ರೆನ್ನಿಯ ಜಗಲಿ ಹುಡುಕಿದ್ದ. ಮೇಜಿನಡಿಯಿಂದ ಅವನೊಂದು ಬಕೆಟ್ ತೆಗೆದ. ತಾಯಿಯಿಲ್ಲದ ಮರಿಗಳಿಗೆ ಹಾಲಿನ ಪುಡಿ ಬರುವ ಬಕೆಟ್. ತಳದಲ್ಲಿ ಬಳೆಯಾಕಾರದ ತಗ್ಗು, ಅದರ ನಡುವೆ ಕೊರೆದ ನಕ್ಷತ್ರ. ನೀರು ಹರಿಯಲೆಂದು ಮೊಳೆಯಿಂದ ತೂತು ಮಾಡಿತ್ತು. ಹೆಕ್ಟರ್ ಬೇರಿನ ಮುದ್ದೆಯನ್ನು ಎತ್ತಿ ಅದರೊಳಗೆ ಇಳಿಸಿದ. ಸದ್ದಿಲ್ಲದೆ ಕೂತಿತು.

"ರೂಬಾರ್ಬ್ ಅಂದಿದ್ದೆ ಇದನ್ನ. ಮೇ ತಿಂಗಳಲ್ಲಿ ನಿಮ್ಮಕ್ಕ ಆಸ್ಪತ್ರೇಲಿ ಇದ್ದಾಗ ಇದನ್ನ ಎಬ್ಬಿಸಿದೆ. ಹಿಮ ಬಿದ್ದು ಗುಂಡಿ ಮುಚ್ತು. ಅವಳ ಕಿಟಕಿ ಇರೋದು ಬೇಲಿ ಕಡೆ, ಗೇಟ್ ಕಡೆ ಕಾಣಲ್ಲ. ಆಗಸ್ಟಲ್ಲಿ ಕರಗೋದು ಆ ತುದಿ ಒಂದೇ, ಅದೂ ನಿಂಗೊತ್ತು, ಅಲ್ಲೇ ವಾಪಸ್ ನೆಟ್ಟೆ. ಅಗೆಯೋ ಹೊತ್ತಿಗೆ ನೀನು ಗುಡ್ಡದ ಮೇಲಿದ್ರೆ ಸಾಕು. ಅಗೆಯೋ ಕೈ ಬೇರೆಯವರದ್ದಾಗ್ಬೇಕಿತ್ತು."

ತುರಿದ ಖಾರಮೂಲಂಗಿಯ ಘಾಟು ಕೋಣೆಯಲ್ಲಿ ಇನ್ನೂ ಇತ್ತು. ನಮ್ಮೆಲ್ಲರ ಕಣ್ಣಲ್ಲೂ ನೀರಿತ್ತು. ರೆನ್ನಿಯ ಕಣ್ಣಲ್ಲೂ ಇತ್ತು. ಅದು ಯಾವುದರದ್ದೆಂದು ಹೇಳಲು ಬರುವುದಿಲ್ಲ.

"ಬಯಲಲ್ಲಿ ಕುರಿ ನಾಲಗೆ ಚಾಚ್ಕೊಂಡು ಸಾಯ್ತಿದ್ವು," ಎಂದ ಅವನು ಕೊನೆಗೆ. ಸಭೆಯಲ್ಲಿ ಮಾತಾಡುವಾಗಿನ ಅದೇ ಧ್ವನಿ. "ನೀವೆಲ್ಲ ನನ್ ಮುಂದೆ ಬಂದು ಅತ್ತಿದ್ರಿ. ಅವಳಿಗೆ ಎಲೆ ಪಕ್ಕ ಯಾವ ಎಲೆ ಚಂದ ಅನ್ನೋದೇ ದೊಡ್ದಾಗಿತ್ತು. ಯಾರೋ ಒಬ್ರು ಮಾಡ್ಬೇಕಿತ್ತು."

"ವಾಟಿ?" ಎಂದೆ ನಾನು. "ವಾಟಿ ಏನ್ ಮಾಡಿದ್ದ ನಿಂಗೆ?"

ರೆನ್ನಿ ನನ್ನ ತಮ್ಮನ ಕಡೆ ನೋಡಿದ. ಅಲ್ಲೊಬ್ಬ ಕೂತಿದ್ದಾನೆಂದು ಆಗಷ್ಟೇ ಕಂಡಂತಿತ್ತು. "ಅವನು ಹೆಂಗೂ ಕುಡುಕ," ಎಂದ.

ಕೋಪವಿಲ್ಲದೆ ಹೇಳಿದ. ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಆ ಮಾತಿಗೆ. ನಲವತ್ತು ವರ್ಷ 'ಹೇಗಿದೀಯೋ' ಎಂದು ಕೇಳಿಕೊಂಡು ಬಂದ ನೆರೆಯವನು ಅವನು.

ಫೀನಿ ಅವನನ್ನು ಕರೆದೊಯ್ದ. ಎಫಿ ತಣ್ಣಗಾದ ಚಹಾವನ್ನು ಸಿಂಕಿಗೆ ಸುರಿದು, ನಾಯಿಯನ್ನು ಇವತ್ತೇ ಕಳಿಸಿಕೊಡ್ತೀನಿ ಎಂದು ವಾಟಿಗೆ ಹೇಳಿದಳು. ವಾಟಿ ಥ್ಯಾಂಕ್ಸ್ ಎಂದ. ಅವಳು ಅಳತೊಡಗಿದಳು. ನಾವು ಮನೆಗೆ ನಡೆದೆವು. ದಾರಿಯಲ್ಲಿ ವಾಟಿ ಒಮ್ಮೆ ಮಾತ್ರ ಬಾಯಿಬಿಟ್ಟ. "ಹಸಿರೇ ಇತ್ತಲ್ವಾ ಅಕ್ಕ?" ಎಂದ. ಹಸಿರೇ ಇತ್ತು ಕಣೋ ಎಂದೆ. ಮನೆ ಮುಟ್ಟುವವರೆಗೂ ಅವನ ತೋಳು ಬಿಡಲಿಲ್ಲ.

ಬಂದೂಕು ಇನ್ನೂ ನನ್ನ ಮಂಚದ ಕೆಳಗಿದೆ. ಅವನು ಕೇಳಿಲ್ಲ, ನಾನು ಕೊಟ್ಟಿಲ್ಲ.

ರೆನ್ನಿಗೆ ಜೀವಾವಧಿ ಆಯಿತು. ಜಮೀನು ದೂರದ ನೆಂಟರ ಪಾಲಾಯಿತು. ಅವರು ಒಂದು ಸಲ ಬಂದು ನೋಡಿ, ಅಣೆಕಟ್ಟಿಗೆ ರುಜು ಹಾಕಿ ಹೋದರು. ನೀರು ಏರುವ ಮುನ್ನ ಪಾತಿಯಿಂದ ಏನಾದರೂ ಕಿತ್ತುಕೊಂಡು ಹೋಗಿ ಎಂದು ಊರಿಗೆ ಹೇಳಿಕಳಿಸಿದ್ದರು. ಯಾರೂ ಹೋಗಲಿಲ್ಲ. ಹೆಕ್ಟರ್ ಒಬ್ಬ ಹೋಗಿ ಎರಡು ಆನೆಕಿವಿ ತಂದು ನಮ್ಮಿಬ್ಬರ ನಡುವಿನ ಬೇಲಿಯ ಬುಡಕ್ಕೆ ನೆಟ್ಟ. ಚಳಿಗಾಲ ಬಂದರೆ ಈಗಲೂ ಅವುಗಳ ಬಣ್ಣ ಕೇಳುತ್ತಾನೆ, ನಾನು ಹೇಳುತ್ತೇನೆ. ಎಲೆಯನ್ನೂ ನೋಡುತ್ತೇನೆ.

ಹೋದದ್ದು ಇಷ್ಟು: ಸತ್ತವಳು ಒಬ್ಬಳು, ಜೈಲಿಗೆ ಹೋದವನು ಒಬ್ಬ. ನೀರಿನಡಿ ಹೋದ ಹೂಪಾತಿ ಒಂದು. ಡ್ರೈಬರ್ನಿನ ಪ್ರತಿ ಮನೆಯವರೂ ಅಗೆದು ಸುಟ್ಟ ಮುನಿಟೊಪ್ಪಿಗೆ, ಮನೆಗೊಂದು. ಕ್ಲಬ್ಬಿನ ಮೇಜಿನ ಮೇಲೆ ಒಬ್ಬರದನ್ನು ಒಬ್ಬರು ತಿನ್ನುತ್ತಿದ್ದ ತಟ್ಟೆಗಳು, ಎಲ್ಲವೂ.